ಇಲಿಗೆ ಫ್ಲ್ಯಾಟ್ ನಂಬರ್ ಇಲ್ಲ: ಮುಂಬಯಿ ಬಿಲ್ಡಿಂಗಿನಲ್ಲಿ ಇಲಿ, ಜಿರಳೆ, ಸೊಳ್ಳೆ ತಡೆಯುವ ಬಗೆ

ನಾವು ಇರುವುದು ಘಾಟ್‌ಕೋಪರ್‌ನಲ್ಲಿ. ಹಳೇ ಬಿಲ್ಡಿಂಗ್. ನೆಲಮಹಡಿ, ಮೇಲೆ ನಾಲ್ಕು ಮಹಡಿ, ಒಟ್ಟು 20 ಮನೆ. ಕೆಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆಗೆ ಇಲಿ ಬರಲು ಶುರುವಾಯಿತು. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದೆ. ಸಿಂಕಿನ ಕೆಳಗೆ ಇಲಿ ವಿಷದ ಎರಡು ಕೇಕ್ ಇಟ್ಟರು, ನಾಲ್ಕು ಮೂಲೆಗೆ ಏನೋ ಸಿಂಪಡಿಸಿದರು, ದುಡ್ಡು ತೆಗೆದುಕೊಂಡು ಹೋದರು. ಹದಿನೈದು ದಿನ ಇಲಿ ಕಾಣಲಿಲ್ಲ. ಆಮೇಲೆ ಕೆಳಗಿನ ಮನೆಯ ಅಕ್ಕ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದರು: "ನಿಮ್ಮಲ್ಲಿ ಇಲಿ ನಿಂತಿತಲ್ಲ, ಈಗ ನಮ್ಮಲ್ಲಿಗೆ ಬರ್ತಾ ಉಂಟು ಮಾರಾಯ್ರೇ. ಏನು ಮಾಡಿದ್ರಿ ನೀವು?" ಇನ್ನೊಂದು ತಿಂಗಳಿಗೆ ನಮ್ಮ ಮನೆಗೂ ವಾಪಸ್ ಬಂದವು.

ಇಲಿಗೆ ಇಡೀ ಬಿಲ್ಡಿಂಗ್ ಒಂದೇ ಮನೆ. ಪೈಪು ಅದರ ಮೆಟ್ಟಿಲು, ಡಕ್ಟ್ ಅದರ ಅಂಗಳ. ಜಿರಳೆಯೂ ಹಾಗೇ. ಒಂದು ಮನೆಗೆ ಮಾತ್ರ ಔಷಧಿ ಹೊಡೆಸಿದರೆ ಅದು ಪಕ್ಕದ ಮನೆಗೆ ಹೋಗಿ, ಘಾಟು ಇಳಿದ ಮೇಲೆ ತಿರುಗಿ ಬರುತ್ತದೆ. ಆಮೇಲೆ ನಾನು ಸೊಸೈಟಿ ಕಮಿಟಿ ಸೇರಿದೆ. ಅಲ್ಲಿ ನಾವು ಮಾಡಿ ನೋಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಮೊದಲು ನೋಡುವುದು, ಆಮೇಲೆ ಊಟ ನಿಲ್ಲಿಸುವುದು, ಆಮೇಲೆ ತೂತು ಮುಚ್ಚುವುದು, ಕೊನೆಗೆ ಬೋನು ಮತ್ತು ವಿಷ. ಹೆಚ್ಚಿನವರು ಕೊನೆಯದನ್ನು ಮೊದಲು ಮಾಡುತ್ತಾರೆ. ದುಡ್ಡು ಪೋಲಾಗುವುದು ಅಲ್ಲೇ.

ಟಾರ್ಚ್ ಹಿಡಿದು ಒಂದು ಸುತ್ತು

ರಾತ್ರಿ ಹನ್ನೊಂದರ ಹೊತ್ತಿಗೆ ಹೊರಡಿ. ಜೊತೆಗೆ ವಾಚ್‌ಮನ್ ಅಥವಾ ಕಮಿಟಿಯ ಇನ್ನೊಬ್ಬರು ಇರಲಿ. ಕಾಲಿಗೆ ಬೂಟು, ಕೈಯಲ್ಲಿ ಟಾರ್ಚ್, ಒಂದು ಸೀಮೆಸುಣ್ಣ, ಫೋಟೋಕ್ಕೆ ಫೋನ್. ಕಚರಾ ಡಬ್ಬಿ ಇಡುವ ಜಾಗ, ಪಂಪ್ ರೂಮ್, ಮೀಟರ್ ರೂಮ್, ವಾಚ್‌ಮನ್ ಕ್ಯಾಬಿನ್ನಿನ ಹಿಂದೆ, ಕಾಂಪೌಂಡ್ ಗೋಡೆಯ ಬುಡ, ಎರಡು ಬಿಲ್ಡಿಂಗ್ ನಡುವಿನ ಹೌಸ್ ಗಲ್ಲಿ, ಇಷ್ಟನ್ನೂ ನೋಡಿ. ಎಲ್ಲಕ್ಕಿಂತ ಮುಖ್ಯ ಡಕ್ಟ್. ಬಾತ್‌ರೂಮು, ಅಡುಗೆಮನೆಗಳ ಪೈಪು ಇಳಿಯುವ ಆ ಬಾವಿಯಂಥ ಜಾಗಕ್ಕೆ ಎಷ್ಟೋ ಬಿಲ್ಡಿಂಗ್‌ಗಳಲ್ಲಿ ವರ್ಷಗಟ್ಟಲೆ ಯಾರೂ ಇಳಿದಿರುವುದಿಲ್ಲ. ನಮ್ಮ ಡಕ್ಟಿನಲ್ಲಿ ಮೊಣಕಾಲಿನವರೆಗೆ ಕಸ ಇತ್ತು. ಹಳೇ ಚಪ್ಪಲಿ, ಹಾಲಿನ ಪ್ಯಾಕೆಟ್, ಕೊಳೆತ ತರಕಾರಿ, ಮಕ್ಕಳ ಡೈಪರ್. ಹೆಗ್ಗಣಗಳು ನಮ್ಮನ್ನು ನೋಡಿಯೂ ಓಡಲಿಲ್ಲ.

ಕಂಡದ್ದು ಯಾವುದು ಅಂತ ತಿಳಿಯಬೇಕು. ಉಪಾಯ ಅದರ ಮೇಲೆ ಹೋಗುತ್ತದೆ. ಹೆಗ್ಗಣ ನೆಲದ ಪ್ರಾಣಿ. ಬಿಲ ತೋಡುತ್ತದೆ. ಕಾಂಪೌಂಡಿನಲ್ಲಿ ಪೇವರ್ ಬ್ಲಾಕ್ ಕುಸಿದಿದ್ದರೆ ಕೆಳಗೆ ಹೆಗ್ಗಣದ ಕೆಲಸ ನಡೆದಿದೆಯಾ ನೋಡಿ. ಮೈಗಿಂತ ಬಾಲ ಉದ್ದ ಇರುವ ಇಲಿ ಹತ್ತುವುದರಲ್ಲಿ ಜಾಣ. ಪೈಪು, ಕೇಬಲ್ ವೈರು ಹಿಡಿದು ನಾಲ್ಕನೇ ಮಹಡಿಗೂ ಹೋಗುತ್ತದೆ. ಅಟ್ಟ, ಫಾಲ್ಸ್ ಸೀಲಿಂಗ್ ಅಂದರೆ ಅದಕ್ಕೆ ಇಷ್ಟ. ಇನ್ನೊಂದು ಸುಂಡಿಲಿ. ಬೆರಳುದ್ದದ ಪ್ರಾಣಿ, ಗೂಡು ಕಟ್ಟುವುದು ಮನೆಯೊಳಗೇ. ಮೂಗು ಚೂಪಾದ, ನಾತ ಬೀರುವ ಮೂಗಿಲಿ, ಇಲ್ಲಿನವರು ಛಛೂಂದರ್ ಅನ್ನುವುದು, ಇಲಿಯ ಜಾತಿಯೇ ಅಲ್ಲ. ಅದು ಜಿರಳೆ, ಹುಳಹುಪ್ಪಟೆ ತಿಂದು ಬದುಕುತ್ತದೆ. ಸುಮ್ನೆ ಕೊಲ್ಲಬೇಡಿ, ಹೊರಗೆ ಅಟ್ಟಿದರೆ ಸಾಕು.

ಪ್ರಾಣಿ ಕಾಣದಿದ್ದರೂ ಗುರುತು ಸಿಗುತ್ತದೆ. ಅಕ್ಕಿಕಾಳಿಗಿಂತ ಸಣ್ಣ ಹಿಕ್ಕೆ ಸುಂಡಿಲಿಯದು. ಒಂದೂವರೆ ಸೆಂಟಿಮೀಟರ್ ಉದ್ದದ್ದು ದೊಡ್ಡ ಇಲಿಯದು. ಗೋಡೆಯ ಬುಡದಲ್ಲಿ ಎಣ್ಣೆಕೈ ಒರೆಸಿದ ಹಾಗೆ ಕಪ್ಪು ಗೆರೆ ಇದ್ದರೆ ಅದು ಅವುಗಳ ದಿನನಿತ್ಯದ ದಾರಿ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆಯಿರಿ. ಬಿಲದಲ್ಲಿ ಇಲಿ ಇದೆಯಾ ಇಲ್ಲವಾ ನೋಡಲು ಸಂಜೆ ಎಲ್ಲ ಬಿಲದ ಬಾಯಿಗೂ ಮಣ್ಣು ಅಥವಾ ಕಾಗದದ ಉಂಡೆ ತುರುಕಿ. ಬೆಳಿಗ್ಗೆ ಯಾವುದು ತೆರೆದುಕೊಂಡಿದೆಯೋ ಅಲ್ಲಿ ಸಂಸಾರ ಇದೆ. ನಮ್ಮಲ್ಲಿ 14 ಬಿಲಗಳಲ್ಲಿ 6 ಮಾತ್ರ ತೆರೆದವು. ಮದ್ದು ಬೇಕಾದದ್ದು ಆ ಆರಕ್ಕೆ.

ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ. ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಗ್ಲೌಸ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಊಟ ಹಾಕುವುದು ನಿಲ್ಲಿಸೋಣ

ಒಂದು ಹೆಣ್ಣಿಲಿ ಗಬ್ಬವಾದ ಮೂರು ವಾರಕ್ಕೆ ಆರೇಳು ಮರಿ ಹಾಕುತ್ತದೆ. ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೇ ಮರಿ ಹಾಕಲು ತಯಾರು. ಊಟ ಹಾಗೇ ಸಿಗುತ್ತಿದ್ದರೆ ನೀವು ಹತ್ತು ಕೊಂದರೆ ಆ ಜಾಗಕ್ಕೆ ಇನ್ನು ಹತ್ತು ಬರುತ್ತವೆ. ದೊಡ್ಡ ಇಲಿಗೆ ದಿನಕ್ಕೆ ಬೇಕಾದದ್ದು 20, 30 ಗ್ರಾಂ ಆಹಾರ. ಅಂದರೆ ಒಂದು ಚಪಾತಿ.

ಇದನ್ನು ನನಗೆ ಚೆನ್ನಾಗಿ ತಿಳಿಸಿಕೊಟ್ಟವರು ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದ ನಮ್ಮ ಊರ ಕಡೆಯ ಹಿರಿಯರೊಬ್ಬರು. ಉಗ್ರಾಣ ತೋರಿಸಿ ಹೇಳಿದರು: "ನೋಡಿ ತಂಗಿ, ಮೂಟೆ ನೆಲಕ್ಕೆ ತಾಗಬಾರದು, ಗೋಡೆಗೂ ತಾಗಬಾರದು. ಈ ಕಡೆಯಿಂದ ಟಾರ್ಚ್ ಬಿಟ್ಟರೆ ಆ ಕಡೆಯ ಗೋಡೆ ಕಾಣಬೇಕು." ಅವರ ಅಕ್ಕಿ, ಉದ್ದಿನ ಮೂಟೆಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇರುತ್ತಿದ್ದವು. ರಾತ್ರಿ ಗಲ್ಲಾ ಮುಚ್ಚಿದ ಮೇಲೂ ನೆಲ ಒಣಗುವವರೆಗೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಈಗ ಹೋಟೆಲುಗಳಿಗೆ 2011ರ ಆಹಾರ ಸುರಕ್ಷತೆ ನಿಯಮಗಳಲ್ಲಿ ಕೀಟ, ಇಲಿ ತಡೆಯುವುದು ಕಡ್ಡಾಯ. ಅವರು ಅದನ್ನು ಕಾನೂನು ಹೇಳುವುದಕ್ಕೂ ಎಷ್ಟೋ ವರ್ಷ ಮೊದಲೇ ಮಾಡುತ್ತಿದ್ದರು.

ಮನೆಯಲ್ಲೂ ಅದೇ ಲೆಕ್ಕ. ಊರಿನಿಂದ ಬಸ್ಸಿನಲ್ಲಿ ಬಂದ ಕುಚ್ಚಲಕ್ಕಿ ಮೂಟೆಯನ್ನು ಅಟ್ಟಕ್ಕೆ ತಳ್ಳಬೇಡಿ. ಸ್ಟೀಲ್ ಡಬ್ಬಿಗೆ ಸುರಿಯಿರಿ. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಒಂದೇ ರಾತ್ರಿಯಲ್ಲಿ ಕೊರೆಯಬಲ್ಲದು. ಸಿಂಕಿನಲ್ಲಿ ಎಂಜಲು ಪಾತ್ರೆ ರಾತ್ರಿ ಇಡಬೇಡಿ. ಬೆಳಿಗ್ಗೆ ಕೆಲಸದ ಬಾಯಿ ಬರುತ್ತಾರೆ ಅಂತ ಇಟ್ಟರೆ ರಾತ್ರಿಯಿಡೀ ಜಿರಳೆಗೆ ಹಬ್ಬ. ಕನಿಷ್ಠ ನೀರು ಹಾಕಿ ಎಂಜಲು ತೊಳೆದಿಡಿ.

ಸೊಸೈಟಿಯಲ್ಲಿ ನಾವು ಮೂರು ನಿಯಮ ಮಾಡಿದೆವು. ಹಸಿ ಕಸ ಬೆಳಿಗ್ಗೆ ಗಾಡಿ ಬರುವ ಮುಂಚೆ ಮಾತ್ರ ಬಾಗಿಲ ಹೊರಗೆ ಬರಬೇಕು, ಹಿಂದಿನ ರಾತ್ರಿ ಅಲ್ಲ. ಕೆಳಗಿನ ದೊಡ್ಡ ಡಬ್ಬಿಗೆ ಬಿಗಿಯಾದ ಮುಚ್ಚಳ ಇರಬೇಕು, ದಿನಾ ತೊಳೆಯಬೇಕು. ಬೆಕ್ಕು, ನಾಯಿಗೆ ಊಟ ಹಾಕುವವರು ಹಾಕಲಿ, ಆದರೆ ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಬೇಕು. ಪಾರಿವಾಳಕ್ಕೆ ಕಿಟಕಿಯಲ್ಲಿ ಕಾಳು ಹಾಕುವ ಕಾಕಾ ಒಬ್ಬರಿದ್ದಾರೆ. ಹಗಲು ಪಾರಿವಾಳ ಬಿಟ್ಟದ್ದನ್ನು ರಾತ್ರಿ ಇಲಿ ತಿನ್ನುತ್ತದೆ ಅಂತ ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿದೆ. ಜಗಳ ಆಡಲಿಲ್ಲ. ಅವರೇ ನಿಲ್ಲಿಸಿದರು. ಡಕ್ಟಿಗೆ ಕಸ ಎಸೆಯುವವರ ಜೊತೆಗೂ ಇದೇ ದಾರಿ. ಮೀಟಿಂಗಿನಲ್ಲಿ ಹೆಸರು ಹೇಳಿ ಬೈದರೆ ಎಸೆಯುವುದು ನಿಲ್ಲುವುದಿಲ್ಲ, ರಾತ್ರಿ ಕದ್ದು ಎಸೆಯುತ್ತಾರೆ. ಡಕ್ಟ್ ಒಮ್ಮೆ ಪೂರ್ತಿ ಖಾಲಿ ಮಾಡಿಸಿ, ಕಿಟಕಿಗಳಿಗೆ ಜಾಳಿ ಹಾಕಿಸಿ.

ತೂತು ಮುಚ್ಚುವ ಕೆಲಸ

ದುಡ್ಡು ಖರ್ಚು ಮಾಡುವುದಾದರೆ ಇಲ್ಲೇ ಮಾಡಿ. ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು. ಪೆನ್ಸಿಲ್ ತೂರುವಷ್ಟು ಅಂದುಕೊಳ್ಳಿ. ದೊಡ್ಡ ಇಲಿಗೆ ಹೆಬ್ಬೆರಳು ತೂರುವ ತೂತು ಸಾಕು. ತಲೆ ನುಗ್ಗಿದರೆ ಮೈ ನುಗ್ಗಿದ ಹಾಗೆ.

ನಿಮ್ಮ ಅಡುಗೆಮನೆಯಿಂದಲೇ ಶುರು ಮಾಡಿ. ಸಿಂಕಿನ ಕೆಳಗೆ ಪೈಪು ಗೋಡೆಯೊಳಗೆ ಹೋಗುವಲ್ಲಿ ನೋಡಿ. ಪ್ಲಂಬರ್ ದೊಡ್ಡ ತೂತು ಕೊರೆದು, ಸಣ್ಣ ಪೈಪು ಹಾಕಿ, ಸುತ್ತ ಹಾಗೇ ಬಿಟ್ಟಿರುತ್ತಾನೆ. ಗ್ಯಾಸ್ ಪೈಪು, ಎಸಿ ಪೈಪು, ಇಂಟರ್‌ನೆಟ್ ಕೇಬಲ್, ಎಕ್ಸಾಸ್ಟ್ ಫ್ಯಾನಿನ ಸುತ್ತ, ಹೀಗೆ ಒಂದೊಂದಾಗಿ ನೋಡಿ. ಥರ್ಮೋಕೋಲ್, ಬಟ್ಟೆ, ಫೋಮ್ ತುರುಕುವುದು ದಂಡ. ಕಡಿದುಹಾಕುತ್ತವೆ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗನ್ನು ಒತ್ತಿ ತುಂಬಿ, ಮೇಲೆ ಎಂ-ಸೀಲ್ ಅಥವಾ ಸಿಮೆಂಟ್ ಮೆತ್ತಿ. ಅದನ್ನು ಹಲ್ಲಿನಿಂದ ಕಡಿಯಲು ಆಗುವುದಿಲ್ಲ. ನೆಲದ ದೊಡ್ಡ ಬಿಲಕ್ಕೆ ಇಟ್ಟಿಗೆ ಚೂರು, ಗಾಜಿನ ಪುಡಿ ಬೆರೆಸಿದ ಸಿಮೆಂಟ್ ಕಾಂಕ್ರೀಟ್ ಹಾಕಿಸಿ. ಒಳಗೆ ಇಲಿ ಇದ್ದಾಗ ಮಾತ್ರ ಮುಚ್ಚಬೇಡಿ. ಪಕ್ಕದಿಂದ ಹೊಸ ಬಿಲ ತೋಡುತ್ತದೆ, ಇಲ್ಲವೇ ಅಲ್ಲೇ ಸತ್ತು ವಾರಗಟ್ಟಲೆ ನಾರುತ್ತದೆ.

ಬಾಗಿಲ ಕೆಳಗಿನ ಸಂದಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿ. ಕೆಳಗಿನ ಗೇಟು, ಮೀಟರ್ ರೂಮಿನ ಬಾಗಿಲಿಗೂ ಬೇಕು. ಕಿಟಕಿಗೆ ಸೊಳ್ಳೆಗೆ ಹಾಕುವ ನೈಲಾನ್ ಬಲೆ ಇಲಿಗೆ ಏನೂ ಅಲ್ಲ. ಕೆಳಗಿನ ಎರಡು ಮಹಡಿಗಾದರೂ ಸ್ಟೀಲ್ ಜಾಳಿ ಇರಲಿ. ಬಚ್ಚಲಿನ ನೀರು ಹೋಗುವ ತೂತಿನ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಸದಾ ನೀರು ನಿಂತಿರಬೇಕು. ಆ ನೀರೇ ಗಟಾರದ ದುರ್ವಾಸನೆಯನ್ನೂ ಜಿರಳೆಯನ್ನೂ ಒಳಗೆ ಬಿಡದಿರುವುದು. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದಾಗ ಬಾತ್‌ರೂಮಿನಲ್ಲಿ ದೊಡ್ಡ ಕೆಂಪು ಜಿರಳೆ ಕಾಣುವುದು ಆ ನೀರು ಒಣಗಿದ್ದಕ್ಕೆ. ಹೊರಡುವ ಮುಂಚೆ ಒಂದು ಮಗ್ ನೀರು ಹಾಕಿ, ಮೇಲೆ ಚಪ್ಪಟೆ ಕಲ್ಲು ಅಥವಾ ಮುಚ್ಚಳ ಇಟ್ಟು ಹೋಗಿ.

ಪೈಪಿನ ಮೇಲೆ ಹತ್ತುವ ಇಲಿಯನ್ನು ತಡೆಯಲು ನೆಲದಿಂದ ಒಂದಾಳೆತ್ತರದಲ್ಲಿ ಪೈಪಿನ ಸುತ್ತ ತಗಡಿನ ಕೊರಳಪಟ್ಟಿ ಕೂರಿಸುತ್ತಾರೆ. ಬಂದರಿನಲ್ಲಿ ಹಡಗು ಕಟ್ಟಿದ ಹಗ್ಗಗಳಿಗೆ ದುಂಡನೆ ತಗಡು ಹಾಕಿರುವುದನ್ನು ನೋಡಿದ್ದೀರಾ? ಅದೂ ಇಲಿಗೇ. ಈ ಊರಿಗೆ ಅದರ ಬೆಲೆ ಗೊತ್ತು. 1896ರಲ್ಲಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಪ್ಲೇಗ್ ಶುರುವಾಯಿತು. ಅದು ಪ್ಲೇಗ್ ಅಂತ ಮೊದಲು ಗುರುತಿಸಿದವರು ಡಾ. ಅಕಾಸಿಯೋ ವೀಗಾಸ್. ಮರುವರ್ಷ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡರು. ಪರೇಲ್‌ನ ಹಾಫ್‌ಕಿನ್ ಸಂಸ್ಥೆಗೆ ಅವರದೇ ಹೆಸರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಅನ್ನುವುದು ಗಟ್ಟಿಯಾದದ್ದು ಅದಾದ ಮೇಲೆ.

ಬೋನು, ಆಮೇಲೆ ವಿಷ

ಮನೆಯೊಳಗೆ ಬೋನೇ ಒಳ್ಳೆಯದು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಅದಕ್ಕೇ ಮೊದಲ ಮೂರು ರಾತ್ರಿ ಬೋನನ್ನು ಬಾಗಿಲು ತೆರೆದು, ಬೀಳದ ಹಾಗೆ ಕಟ್ಟಿ, ಒಳಗೆ ತಿಂಡಿ ಇಟ್ಟು ಬಿಡಿ. ತಿಂದು ಹೋಗಲಿ. ನಾಲ್ಕನೇ ರಾತ್ರಿ ಸಜ್ಜು ಮಾಡಿ. ಜಾಗ ಗೋಡೆಗೆ ಒತ್ತಿಕೊಂಡು, ಆ ಕಪ್ಪು ಗೆರೆಯ ದಾರಿಯಲ್ಲೇ. ಕೋಣೆಯ ನಡುವೆ ಇಟ್ಟರೆ ಬರುವುದಿಲ್ಲ. ತಿಂಡಿಗೆ ಭಜಿ, ಸುಟ್ಟ ಒಣಮೀನು, ಕಡಲೆಕಾಯಿ ಬೀಜ. ನಮ್ಮಲ್ಲಿ ಒಣ ಬೊಂಬಿಲ್ ಮೀನಿಗೆ ಎಲ್ಲಕ್ಕಿಂತ ಚೆನ್ನಾಗಿ ಬಿದ್ದವು. ಸುಂಡಿಲಿಗೆ ಅನುಮಾನ ಕಡಿಮೆ, ಮೊದಲ ರಾತ್ರಿಯೇ ಬೀಳುತ್ತದೆ. ಆದರೆ ಅದು ಓಡಾಡುವ ಜಾಗ ಚಿಕ್ಕದು, ಒಂದೆರಡು ಮೀಟರಿಗೆ ಒಂದರಂತೆ ಇಡಬೇಕು.

ಅಂಟಿನ ಹಲಗೆ ಬೇಡ. ಇಲಿ ಎರಡು ದಿನ ಅಂಟಿಕೊಂಡು ಒದ್ದಾಡುತ್ತದೆ, ಭಯಕ್ಕೆ ಉಚ್ಚೆ ಹೊಯ್ಯುತ್ತದೆ, ಅದೇ ಉಚ್ಚೆಯಲ್ಲಿ ರೋಗ ಇರುವುದು. ಹಲ್ಲಿ, ಗುಬ್ಬಿ, ಬೆಕ್ಕಿನ ಮರಿಯೂ ಸಿಕ್ಕಿಕೊಳ್ಳುತ್ತವೆ. ಕೊಲ್ಲಲೇಬೇಕಾದರೆ ಒಂದೇ ಏಟಿಗೆ ಕೊಲ್ಲುವ ಸ್ಪ್ರಿಂಗ್ ಬಲೆ ಎಷ್ಟೋ ವಾಸಿ. ಗೋಡೆಯಲ್ಲಿ ಚುಚ್ಚುವ ಅಲ್ಟ್ರಾಸೋನಿಕ್ ಯಂತ್ರವನ್ನು ನಂಬಬೇಡಿ. ಆ ಸದ್ದಿಗೆ ಬೇಗ ಒಗ್ಗಿಕೊಳ್ಳುತ್ತವೆ.

ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟರಂತೆ ಅನ್ನುವ ಮಾತು ವಿಷದ ವಿಷಯದಲ್ಲಿ ನಿಜವಾಗುತ್ತದೆ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಇಲಿ ಪೇಸ್ಟನ್ನು ಮಕ್ಕಳಿರುವ ಮನೆಯೊಳಗೆ ತರಲೇಬೇಡಿ. ಹೊಟ್ಟೆಗೆ ಹೋದರೆ ಮೊದಲ ದಿನ ಮನುಷ್ಯ ಆರಾಮ ಇದ್ದ ಹಾಗೆ ಕಾಣುತ್ತಾನೆ, ಆಮೇಲೆ ಲಿವರ್ ಕೈಕೊಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಧಾನ್ಯದ ಗೋದಾಮಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇನ್ನೂ ಅಪಾಯ. ಗಾಳಿಯ ತೇವಕ್ಕೆ ಅದರಿಂದ ವಿಷದ ಗಾಳಿ ಹೊರಡುತ್ತದೆ. ಸಂದಿನಲ್ಲಿ ತೂರಿ ಪಕ್ಕದ ಮನೆಯಲ್ಲಿ ಮಲಗಿದವರನ್ನು ಕೊಲ್ಲಬಲ್ಲದು. ತಿಗಣೆಗೆ, ಇಲಿಗೆ ಅಂತ ಯಾರಾದರೂ ಫ್ಲ್ಯಾಟಿನೊಳಗೆ ಇಡಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ.

ಕಾಂಪೌಂಡಿಗೆ ಬ್ರೊಮಾಡಿಯೋಲೋನ್ ಕೇಕ್ ಬಳಸಬಹುದು. ಅಂಗಡಿಯಲ್ಲಿ ಸಿಗುವುದರಲ್ಲಿ ಅದರ ಪ್ರಮಾಣ 0.005 ಶೇಕಡ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ತಿಂದ ಮೂರರಿಂದ ಏಳು ದಿನಕ್ಕೆ ಇಲಿ ಸಾಯುತ್ತದೆ. ಇದಕ್ಕೆ ವಿಟಮಿನ್ ಕೆ1 ಪ್ರತಿವಿಷ ಇದೆ. ಆದರೂ ಬೀಗ ಹಾಕುವ ಬೇಟ್ ಬಾಕ್ಸ್‌ನೊಳಗೇ ಇಡಿ, ನೆಲಕ್ಕೆ ಬಿಗಿಸಿ, ನಂಬರ್ ಬರೆಯಿರಿ. ವಾರಕ್ಕೊಮ್ಮೆ ತೆರೆದು ಎಷ್ಟು ತಿಂದಿದೆ ನೋಡಿ. ಆ ವಾರಗಳಲ್ಲಿ ದಿನಾ ಬೆಳಿಗ್ಗೆ ಸತ್ತ ಇಲಿ ಹುಡುಕಿಸಿ. ಬೆಕ್ಕು, ಗೂಬೆ ಅದನ್ನು ತಿಂದರೆ ಅವಕ್ಕೂ ವಿಷ ಏರುತ್ತದೆ. ಗ್ಲೌಸ್ ಹಾಕಿ ಎತ್ತಿ, ಎರಡು ಚೀಲದಲ್ಲಿ ಕಟ್ಟಿ, ಕಚರಾ ಗಾಡಿಯವರಿಗೆ ಹೇಳಿ ಕೊಡಿ. ಯಾರಾದರೂ ವಿಷ ತಿಂದಿರುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ.

ಜಿರಳೆ

ಮುಂಬಯಿ ಮನೆಗಳಲ್ಲಿ ಎರಡು ಬಗೆ ಜಾಸ್ತಿ. ದೊಡ್ಡ ಕೆಂಪುಕಂದು ಜಿರಳೆ ಗಟಾರದ್ದು. ನಹಾನಿ ಟ್ರ್ಯಾಪ್, ಪೈಪಿನ ಸಂದು ಸರಿ ಮಾಡಿದರೆ ಅರ್ಧಕ್ಕರ್ಧ ನಿಲ್ಲುತ್ತದೆ. ಒಂದೂವರೆ ಸೆಂಟಿಮೀಟರಿನ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುವ ಸಣ್ಣದು ಜರ್ಮನ್ ಜಿರಳೆ. ಕಷ್ಟ ಕೊಡುವುದು ಇದೇ. ಗಟಾರದಿಂದ ಬರುವುದಿಲ್ಲ, ಕಿರಾಣಿಯ ರಟ್ಟಿನ ಡಬ್ಬ, ಹಳೇ ಫ್ರಿಜ್, ಬಾಡಿಗೆಯವರ ಸಾಮಾನಿನ ಜೊತೆ ಬರುತ್ತದೆ. ಒಂದು ಮೊಟ್ಟೆಕೋಶದಲ್ಲಿ 30ರಿಂದ 40 ಮರಿ. ಮರಿ ಹೊರಬರುವವರೆಗೆ ತಾಯಿ ಅದನ್ನು ಹೊತ್ತುಕೊಂಡೇ ತಿರುಗುತ್ತದೆ.

ಸ್ಪ್ರೇ ಹೊಡೆದರೆ ಕಣ್ಣಿಗೆ ಕಂಡದ್ದು ಸಾಯುತ್ತದೆ, ಉಳಿದದ್ದು ಪಕ್ಕದ ಮನೆಗೆ ಚದುರುತ್ತದೆ. ಅದರ ಬದಲು ಜಿರಳೆ ತಿಂದು ಸಾಯುವ ವಿಷದ ಜೆಲ್ ಹಾಕಿ. ತೊಗರಿಬೇಳೆ ಗಾತ್ರದ ಚುಕ್ಕೆಗಳನ್ನು ಬೆಚ್ಚಗಿರುವ, ಕತ್ತಲೆಯ ಜಾಗಕ್ಕೆ ಇಡಿ. ಕಪಾಟಿನ ಕೀಲು, ಗ್ಯಾಸ್ ಕಟ್ಟೆಯ ಅಡಿ, ಫ್ರಿಜ್ಜಿನ ಮೋಟರ್ ಹತ್ತಿರ, ವಾಟರ್ ಪ್ಯೂರಿಫೈಯರ್ ಹಿಂದೆ, ಮಿಕ್ಸಿಯ ಕೆಳಗೆ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ, ಹೆಣ ತಿಂದ ಬೇರೆಯವೂ ಸಾಯುತ್ತವೆ. ಜೆಲ್ ಇಟ್ಟ ಮೇಲೆ ಅದರ ಹತ್ತಿರ ಸ್ಪ್ರೇ, ಫಿನಾಯಿಲ್ ತಾಗಿಸಬೇಡಿ. ವಾಸನೆಗೆ ಜೆಲ್ ಮುಟ್ಟುವುದೇ ಇಲ್ಲ. ಮೂರು ನಾಲ್ಕು ವಾರಕ್ಕೆ ಇನ್ನೊಮ್ಮೆ ಹಾಕಿ, ಅಷ್ಟರಲ್ಲಿ ಮೊಟ್ಟೆಯಲ್ಲಿದ್ದವು ಹೊರಬಂದಿರುತ್ತವೆ. ಹಳೇ ಉಪಾಯ ಬೋರಿಕ್ ಪುಡಿ, ಗೋಧಿಹಿಟ್ಟು, ಸಕ್ಕರೆಯ ಗುಳಿಗೆಯೂ ಕೆಲಸ ಮಾಡುತ್ತದೆ, ನಿಧಾನ ಅಷ್ಟೇ. ಮಗು, ನಾಯಿಗೆ ಸಿಗದ ಹಾಗಿಡಿ. ಒಂದು ಕಂಬಕ್ಕೆ ಸೇರಿದ ನಾಲ್ಕೈದು ಅಡುಗೆಮನೆಗಳು, ಅಂದರೆ ಒಂದರ ಮೇಲೊಂದು ಇರುವ ಮನೆಗಳು, ಒಂದೇ ದಿನ ಜೆಲ್ ಹಾಕಿಸಬೇಕು. ಇದು ನಮಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿತು.

ಮಳೆಗಾಲ ಮತ್ತು ಸೊಳ್ಳೆ

ಜೂನಿನಲ್ಲಿ ಮಳೆ ಹಿಡಿದ ಕೂಡಲೇ ಬಿಲಗಳಿಗೆ ನೀರು ನುಗ್ಗಿ ಇಲಿಗಳು ಮೇಲಿನ ಮಹಡಿಗೆ ಹತ್ತುತ್ತವೆ. ಪಾರ್ಕಿಂಗಿನಲ್ಲಿ ಕಾರಿನ ವೈರು ಕಡಿಯುವುದೂ ಆಗಲೇ. ಇಲಿಯ ಉಚ್ಚೆ ಬೆರೆತ ನೀರಿನಿಂದ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರ, ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ, ಆ ನೀರಿನಲ್ಲಿ ನಡೆದ ಎಷ್ಟೋ ಜನರಿಗೆ ಆಮೇಲೆ ಈ ಜ್ವರ ಬಂತು. ಕಾಲಿಗೆ ಗಾಯ ಇದ್ದು ನಿಂತ ನೀರಿಗೆ ಇಳಿಯಬೇಕಾಗಿ ಬಂದರೆ, ಸೋಪಿನಲ್ಲಿ ತೊಳೆದು, 72 ಗಂಟೆಯೊಳಗೆ ಡಾಕ್ಟರ್ ಹತ್ತಿರ ಹೋಗಿ. ತಡೆಗೆ ಮಾತ್ರೆ ಇದೆ, ಅದನ್ನು ಅವರೇ ಬರೆದು ಕೊಡಲಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಲೀಜು ನೀರು ಬೇಡ. ಮನೆಯೊಳಗಿನ ತಿಳಿನೀರು ಬೇಕು. ಮನಿ ಪ್ಲಾಂಟ್ ಬಾಟಲಿ, ತುಳಸಿ ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಎಸಿ ನೀರು ಬೀಳುವ ಬಕೆಟ್ ನೋಡಿ. ಮೊಟ್ಟೆಯಿಂದ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು ದಿನ, ನಮ್ಮಲ್ಲಿ ಭಾನುವಾರ, ಎಲ್ಲ ನೀರು ಚೆಲ್ಲಿ ಪಾತ್ರೆ ಉಜ್ಜಿ ಒಣಗಿಸುತ್ತೇವೆ. ಉಜ್ಜಬೇಕು, ಯಾಕೆಂದರೆ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ.

ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಟೆರೇಸಿನ ಟ್ಯಾಂಕು ಇಷ್ಟ. ಮುಚ್ಚಳ ಬಿಗಿಯಾಗಿರಬೇಕು, ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿಗೆ ಸಣ್ಣ ಜಾಳಿ ಇರಬೇಕು, ತಪಾಸಣೆಗೆ ಹತ್ತಲು ಏಣಿ ಇರಬೇಕು. ಸೋರದಿರಲಿ ಅಂತ ಟೆರೇಸಿಗೆ ಹೊದೆಸುವ ನೀಲಿ ತಾಡಪತ್ರಿಯ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ. ಅಲ್ಲಿಗೆ ಯಾರೂ ಹೋಗಿ ನೋಡುವುದೇ ಇಲ್ಲ. ಸೊಳ್ಳೆ ಮರಿ ಸಿಕ್ಕರೆ ಪಾಲಿಕೆಯವರು 1888ರ ಮುಂಬಯಿ ಪಾಲಿಕೆ ಕಾಯ್ದೆಯ 381ಬಿ ಕಲಮಿನ ಪ್ರಕಾರ ನೋಟಿಸ್ ಕೊಡುತ್ತಾರೆ, ದಂಡವೂ ಬೀಳುತ್ತದೆ. ಹೊಗೆ ಹೊಡೆಸಿದರೆ ಆಗಿತ್ತಲ್ಲ ಅನ್ನುವವರಿಗೆ ಹೇಳಿ, ಹೊಗೆಗೆ ಹಾರಾಡುವ ಸೊಳ್ಳೆ ಮಾತ್ರ ಸಾಯುತ್ತದೆ, ನೀರಿನಲ್ಲಿರುವ ಮರಿ ಮರುದಿನ ಹಾರುತ್ತದೆ.

ತಿಗಣೆ, ಗೆದ್ದಲು

ತಿಗಣೆ ಕೊಳಕು ಮನೆಗೆ ಮಾತ್ರ ಬರುವುದಲ್ಲ. ರೈಲು, ಹಳೇ ಸೋಫಾ, ಹಾಸ್ಟೆಲ್ ಬ್ಯಾಗಿನಲ್ಲಿ ಬರುತ್ತದೆ. ನಾಚಿಕೊಂಡು ಮುಚ್ಚಿಟ್ಟರೆ ಇಡೀ ಮಹಡಿಗೆ ಹರಡುತ್ತದೆ. ಬಟ್ಟೆ, ಚಾದರವನ್ನು ಬಿಸಿನೀರಿನಲ್ಲಿ ಒಗೆಯಿರಿ, ಮಂಚದ ಕೀಲುಗಳಿಗೆ ಸ್ಟೀಮ್ ಹಿಡಿಯಿರಿ. 50 ಡಿಗ್ರಿ ದಾಟಿದ ಬಿಸಿ ತಾಗಿದರೆ ಮೊಟ್ಟೆಯೂ ಉಳಿಯುವುದಿಲ್ಲ. ಗೆದ್ದಲಿಗೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ. ಮಣ್ಣಿನ ಸುರಂಗ ಕಂಡ ಕೂಡಲೇ ಎಲ್ಲಿ ತೇವ ಸೋರುತ್ತಿದೆ ನೋಡಿ, ಅದನ್ನು ರಿಪೇರಿ ಮಾಡಿಸಿ. ಆಮೇಲೆ ಗೆದ್ದಲು ತಡೆಗೆ ಇರುವ ಭಾರತೀಯ ಮಾನಕ ಐಎಸ್ 6313 ಪ್ರಕಾರ ಕೆಲಸ ಮಾಡುವವರಿಂದ ಗೋಡೆ ಬುಡಕ್ಕೆ ತೂತು ಕೊರೆದು ಔಷಧಿ ಇಳಿಸಿ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವಾಗ

1968ರ ಕೀಟನಾಶಕ ಕಾಯ್ದೆಯಡಿ ಲೈಸೆನ್ಸ್ ಇರಬೇಕು. ಅದರ ಕಾಪಿ ಕೇಳಿ. ಯಾವ ಔಷಧಿ ಅಂತ ಬರೆದುಕೊಡಲಿ, ಡಬ್ಬಿಯನ್ನು ನಿಮ್ಮ ಎದುರೇ ಒಡೆಯಲಿ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಇರುವುದನ್ನು ಮನೆಯೊಳಗೆ ಬಿಡಬೇಡಿ. "ಹರ್ಬಲ್, ವಾಸನೆಯೇ ಇಲ್ಲ" ಅನ್ನುವ ಮಾತಿಗೆ ತಲೆಯಾಡಿಸಬೇಡಿ, ಹೆಸರು ಕೇಳಿ. ವರ್ಷದ ಕಾಂಟ್ರಾಕ್ಟ್ ಆದರೆ ಎಷ್ಟು ಸಲ ಬರುತ್ತಾರೆ, ನಡುವೆ ಮತ್ತೆ ಕಂಡರೆ ದುಡ್ಡಿಲ್ಲದೆ ಬರುತ್ತಾರಾ, ಡಕ್ಟ್ ಮತ್ತು ಕಾಂಪೌಂಡ್ ಅದರಲ್ಲಿ ಸೇರಿದೆಯಾ ಬರೆಸಿಕೊಳ್ಳಿ. ನಮ್ಮಲ್ಲಿ ಮೊದಲ ಕಾಂಟ್ರಾಕ್ಟಿನಲ್ಲಿ ಡಕ್ಟ್ ಬಿಟ್ಟುಹೋಗಿತ್ತು. ಒಂದು ವರ್ಷದ ದುಡ್ಡು ಹಾಗೇ ಹೋಯಿತು.

ರಸ್ತೆ, ನಾಲೆ, ಹೌಸ್ ಗಲ್ಲಿಯ ಬಿಲಗಳು ಸೊಸೈಟಿಯ ಕೈಯಲ್ಲಿಲ್ಲ. ಅದಕ್ಕೆ ಪಾಲಿಕೆಯ 1916ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ವಾರ್ಡ್ ಆಫೀಸಿನ ಕೀಟನಾಶಕ ವಿಭಾಗಕ್ಕೆ ಅರ್ಜಿ ಕೊಡಿ. ಘಾಟ್‌ಕೋಪರ್‌ನವರಿಗೆ ಎನ್ ವಾರ್ಡ್, ಮುಲುಂಡ್‌ನವರಿಗೆ ಟಿ, ಮಾಟುಂಗಾ ಪೂರ್ವದವರಿಗೆ ಎಫ್ ಉತ್ತರ. ರಾತ್ರಿ ಕೋಲು, ಟಾರ್ಚ್ ಹಿಡಿದು ಇಲಿ ಹೊಡೆಯುವವರೂ ಪಾಲಿಕೆಯಲ್ಲಿದ್ದಾರೆ. ಒಬ್ಬೊಬ್ಬರಿಗೆ ರಾತ್ರಿಗೆ 30 ಇಲಿಯ ಲೆಕ್ಕ. ಎಷ್ಟು ಕಷ್ಟದ ಕೆಲಸ ಅಲ್ವಾ? ಅವರು ಬಂದಾಗ ಗೇಟು ತೆರೆದು, ಬಿಲ ಎಲ್ಲಿ ಅಂತ ತೋರಿಸಿ, ಕುಡಿಯಲು ನೀರು ಕೊಡಿ. ದೂರಿನ ನಂಬರನ್ನು ಸೊಸೈಟಿಯ ರಿಜಿಸ್ಟರಿನಲ್ಲಿ ಬರೆದಿಡಿ. ಎರಡನೇ ಸಲ ಫೋನ್ ಮಾಡುವಾಗ ಬೇಕಾಗುತ್ತದೆ.

ನಾವು ಟಾರ್ಚಿನ ಸುತ್ತನ್ನು ವರ್ಷಕ್ಕೆ ಮೂರು ಸಲ ಮಾಡುತ್ತೇವೆ. ಮೇ ಕೊನೆಯ ವಾರ, ಗಣಪತಿ ಹಬ್ಬ ಕಳೆದ ಮೇಲೆ, ಮತ್ತು ಜನವರಿಯಲ್ಲಿ. ಮೇ ತಿಂಗಳ ಸುತ್ತನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಮಳೆ ಶುರುವಾದ ಮೇಲೆ ಸಿಮೆಂಟ್ ಒಣಗುವುದಿಲ್ಲ.